ಪುಯ್ಯಲ್: ದೂರಿನ ಹಳೆಯ ಹೆಸರು

ಇಂಗ್ಲಿಷಿನಲ್ಲಿ ‘ಕ್ವೆರಿಮನಿ’ ಎಂಬ ಶಬ್ದವೊಂದಿತ್ತು. ದೂರು ಎಂಬುದೇ ಅದರ ಅರ್ಥ. ಅದು ಹುಟ್ಟಿದ ಲ್ಯಾಟಿನ್ ಧಾತುವಿನಿಂದಲೇ ಬಂದ, ಜಗಳವೆಂಬರ್ಥದ ‘ಕ್ವಾರೆಲ್’ ಇಂದಿಗೂ ಬಳಕೆಯಲ್ಲಿದೆ. ‘ಕ್ವೆರಿಮನಿ’ ಮಾತ್ರ ನಿಘಂಟಿನ ಮೂಲೆ ಸೇರಿದೆ. ಇಂಥದೇ ಒಂದು ಕಥೆ ನಮ್ಮ ನುಡಿಯಲ್ಲಿಯೂ ಉಂಟು.

ಹಳಗನ್ನಡದ ‘ಪುಯ್ಯಲ್’ ಎಂದರೆ ಗಟ್ಟಿಯಾದ ಕೂಗು, ಗೋಳು, ನೆರವಿಗಾಗಿ ಇಟ್ಟ ಮೊರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ವೀರಗಲ್ಲುಗಳನ್ನು ನೀವು ಕಂಡಿರಬಹುದು. ಕನ್ನಡ ನಾಡಿನ ಇಂಥ ಕಲ್ಲುಗಳ ಶಾಸನಗಳು ವೀರನು ಮಡಿದ ಸಂದರ್ಭವನ್ನು ಹೇಳುವಾಗ, ದನಗಳ ಅಪಹರಣವಾದ ‘ತುಱುಗೋಳ್’ ಜೊತೆಗೆ ‘ಪೆಣ್ಬುಯ್ಯಲ್’ ಎಂಬುದನ್ನೂ ಹೆಸರಿಸುತ್ತವೆ. ಪೆಣ್, ಪುಯ್ಯಲ್ ಎರಡೂ ಸೇರಿ ಆದ ಪದವಿದು: ಆಪತ್ತಿಗೆ ಸಿಕ್ಕ ಹೆಣ್ಣಿನ ಮೊರೆ. ಆ ಮೊರೆಗೆ ಓಗೊಟ್ಟು ಪ್ರಾಣ ತೆತ್ತವನಿಗೆ ಊರು ಕಲ್ಲು ನಿಲ್ಲಿಸಿತು. ಪಾರಸಿಯಿಂದ ಬಂದ ನಮ್ಮ ‘ಫಿರ್ಯಾದು’ ಕೂಡ ಮೂಲದಲ್ಲಿ ಕೂಗೇ.

ಆದರೆ ಕೂಗಿಗೆ ಒಂದು ಮಿತಿಯಿದೆ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ನಾಲ್ಕರಲ್ಲೊಂದು ಪಾಲಾಗುತ್ತದೆ. ಅಂದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರಿನಲ್ಲಿದ್ದ ತೀವ್ರತೆಯ 256ರಲ್ಲೊಂದು ಪಾಲು ಮಾತ್ರ 160 ಮೀಟರಿಗೆ ತಲಪುತ್ತದೆ. ಆದುದರಿಂದ ಕೂಗು ದೂರ ಸಾಗಬೇಕಾದರೆ, ಕೇಳಿದವನು ತಾನೂ ಕೂಗಬೇಕು. ಇಂಗ್ಲೆಂಡಿನಲ್ಲಿ 1285ರ ವಿಂಚೆಸ್ಟರ್ ಶಾಸನವು ಇದನ್ನೇ ಕರ್ತವ್ಯವಾಗಿ ವಿಧಿಸಿತು. ಕಳ್ಳನನ್ನು ಕಂಡವರು ಕೂಗೆಬ್ಬಿಸಬೇಕು. ಊರಿನಿಂದ ಊರಿಗೆ ಬೆನ್ನಟ್ಟಬೇಕು. ಇದಕ್ಕೆ ‘ಹ್ಯೂ ಅಂಡ್ ಕ್ರೈ’ ಎಂದು ಹೆಸರು.

‘ಹ್ಯೂ’ ಮತ್ತು ‘ಹುಯ್ಯಲು’ ಒಂದೇ ಮೂಲದವೆಂದು ಯಾರಾದರೂ ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ‘ಹ್ಯೂ’ ಹಳೆಯ ಫ್ರೆಂಚಿನಿಂದ ಬಂದದ್ದು. ನಮ್ಮ ಹಕಾರವಾದರೋ, ಪುಲಿ ಹುಲಿಯಾದಂತೆ, ಪಕಾರದಿಂದ ಆದದ್ದು. ಇಂದಿನ ರೂಪಗಳನ್ನಷ್ಟೇ ಹೋಲಿಸಿದರೆ ಮೋಸಹೋಗುತ್ತೇವೆ. ಹಿಂದಿನ ರೂಪಗಳನ್ನೂ ನೋಡಬೇಕು.

ಮೂಲ ಬೇರೆಯಾದರೂ ಎರಡರ ಗತಿ ಒಂದೇ ಆಯಿತು. ‘ಹ್ಯೂ ಅಂಡ್ ಕ್ರೈ’ ಈಗ ಬರಿಯ ಗದ್ದಲ. ‘ಹುಯಿಲೆಬ್ಬಿಸು’ ಎಂದರೆ ಇಲ್ಲದ ರಂಪ ಮಾಡು ಎಂದಾಗಿದೆ. ಪ್ರಯೋಗಶಾಲೆಯ ಉಪಕರಣ ಕೆಟ್ಟಿದೆಯೆಂದು ವಿದ್ಯಾರ್ಥಿಯೊಬ್ಬನು ಎರಡನೆಯ ಸಲ ಹೇಳಿದಾಗ, “ಸುಮ್ಮನೆ ಹುಯಿಲೆಬ್ಬಿಸಬೇಡ” ಎಂದು ನಾನೇ ಗದರಿದ್ದುಂಟು. ಪರೀಕ್ಷಿಸಿ ನೋಡಿದರೆ ಅವನ ಮಾತೇ ಸರಿಯಾಗಿತ್ತು. ಕೇಳುವ ಹೊಣೆಯನ್ನು ಕೈಬಿಟ್ಟವರಿಗೆ ಮೊರೆಯೂ ಗದ್ದಲವಾಗಿಯೇ ಕೇಳಿಸುತ್ತದೆ. ಶಬ್ದದ ಅರ್ಥವು ಇಳಿದುದಕ್ಕೆ ಇದೂ ಒಂದು ಕಾರಣವಿರಬಹುದಲ್ಲವೆ?