ಅಪ್ಪನ ಪಿಎಸ್‌ಎ, ನನ್ನ ಎಕ್ಸೆಲ್ ಶೀಟು

ಶನಿವಾರ ಬೆಳಿಗ್ಗೆ ಎಂಟು ಗಂಟೆ ಅಂದ್ರೆ ನನಗೆ ಊರಿಗೆ ಫೋನ್ ಮಾಡೋ ಹೊತ್ತು. ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ಕಾಫಿ ಲೋಟ ಹಿಡ್ಕೊಂಡು ಕೂತರೆ, ಅಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮನೇಲಿ ಅಪ್ಪ ತೋಟದಿಂದ ಬಂದು ಕಾಲು ತೊಳ್ಕೊಂಡಿರ್ತಾರೆ. ಮಳೆ ಆಯ್ತು, ಅಡಿಕೆ ರೇಟು ಆಯ್ತು, ಆಮೇಲೆ ನಾನು ಕೇಳ್ತಿದ್ದ ಪ್ರಶ್ನೆ ಒಂದೇ. "ನಂಬರ್ ಎಷ್ಟು ಬಂತು?"

ನಂಬರ್ ಅಂದ್ರೆ ಪಿಎಸ್‌ಎ. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು, ರಕ್ತದಲ್ಲಿ ಅಳೀತಾರೆ. ಅಮೆರಿಕದಲ್ಲಿ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದ್ದು ಕ್ಯಾನ್ಸರ್ ಹುಡುಕೋಕಲ್ಲ. ಕ್ಯಾನ್ಸರ್ ಇದೆ ಅಂತ ಆಗಲೇ ಗೊತ್ತಾದವರ ಮೇಲೆ ಕಣ್ಣಿಡೋಕೆ. ಹುಡುಕೋಕೆ ಬಳಸಬಹುದು ಅಂತ ಒಪ್ಪಿದ್ದು 1994ರಲ್ಲಿ. ನಮ್ಮ ಮನೆಗೆ ಅದು ಎರಡೂ ಕೆಲಸಕ್ಕೆ ಬಂತು.

ಅಪ್ಪನಿಗೆ ಆಪರೇಶನ್ ಆಗಿದ್ದು ಮಾರ್ಚ್ 2022ರಲ್ಲಿ, ಬೆಂಗಳೂರಲ್ಲಿ. ಗ್ರಂಥಿ ಪೂರ್ತಿ ತೆಗೆದರು. ಪ್ಯಾಥಾಲಜಿ ರಿಪೋರ್ಟಲ್ಲಿ ಗ್ಲೀಸನ್ ಸ್ಕೋರ್ 4+3=7, ತೆಗೆದ ಭಾಗದ ಅಂಚಿನಲ್ಲಿ ಒಂದು ಕಡೆ ಕ್ಯಾನ್ಸರ್ ಕೋಶ ಇದೆ ಅಂತ ಬರೆದಿತ್ತು. "ಅಂಚಲ್ಲಿ ಇದೆ" ಅಂದಿದ್ದೇ ತಡ, ನಾನು ಇಲ್ಲಿಂದ ಕುಣಿಯೋಕೆ ಶುರು ಮಾಡಿದೆ. ಈಗಲೇ ರೇಡಿಯೇಶನ್ ಕೊಡಿಸಿಬಿಡಿ, ಕಾಯೋದು ಯಾಕೆ? (ನಮ್ಮ ಕಡೆ ಅದಕ್ಕೆ 'ಕರೆಂಟ್ ಕೊಡೋದು' ಅಂತಾರೆ.)

ಡಾಕ್ಟರು ಬೇಡ ಅಂದ್ರು. ಸೋಮಾರಿತನಕ್ಕಲ್ಲ, ಲೆಕ್ಕ ಇಟ್ಕೊಂಡೇ. 2020ರಲ್ಲಿ ರ‍್ಯಾಡಿಕಲ್ಸ್ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಬ್ರಿಟನ್, ಡೆನ್ಮಾರ್ಕ್, ಕೆನಡಾ, ಐರ್ಲೆಂಡಿನ 1396 ಗಂಡಸರು. ಎಲ್ಲರದೂ ಅಪ್ಪನ ಥರ ಸ್ವಲ್ಪ ಅಪಾಯ ಇರೋ ಕೇಸುಗಳೇ. ಅರ್ಧ ಜನಕ್ಕೆ ಆಪರೇಶನ್ ಆದಕೂಡಲೇ ರೇಡಿಯೇಶನ್. ಇನ್ನರ್ಧ ಜನರ ಪಿಎಸ್‌ಎ ನೋಡ್ತಾ ಇದ್ದು, ಏರಿದರೆ ಮಾತ್ರ. ಐದು ವರ್ಷ ಆದಮೇಲೆ ಪಿಎಸ್‌ಎ ಲೆಕ್ಕದಲ್ಲಿ ಕಾಯಿಲೆ ಮುಂದುವರಿಯದೇ ಇದ್ದವರು ಮೊದಲ ಗುಂಪಿನಲ್ಲಿ ಶೇಕಡಾ 85, ಎರಡನೆಯದರಲ್ಲಿ 88. ಅಂದ್ರೆ ಮೊದಲೇ ಕೊಟ್ಟಿದ್ದರಿಂದ ಲಾಭ ಕಾಣಲಿಲ್ಲ. ಮೂತ್ರದ ತೊಂದರೆ ಮಾತ್ರ ಮೊದಲೇ ಕೊಟ್ಟವರಿಗೆ ಜಾಸ್ತಿ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಹೊತ್ತಿಗೆ ರೇಡಿಯೇಶನ್ ಬೇಕೇ ಆಗಿರಲಿಲ್ಲ!

ಸರಿ, ಕಾಯೋಣ ಅಂತಾಯ್ತು. ನಾನು ಎಕ್ಸೆಲ್ ಶೀಟ್ ತೆರೆದೆ. ಇನ್ನೇನು ಮಾಡಲಿ ಹೇಳಿ, ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಕೂತ ಇಂಜಿನಿಯರ್ ಮಗ ಇನ್ನೇನು ತಾನೇ ಮಾಡ್ತಾನೆ!

ಆಪರೇಶನ್ ಆಗಿ ಏಳು ವಾರಕ್ಕೆ ಮೊದಲ ಪರೀಕ್ಷೆ: 0.01ಕ್ಕಿಂತ ಕಡಿಮೆ. ಗ್ರಂಥಿಯೇ ಇಲ್ಲ ಅಂದಮೇಲೆ ಹಾಗೇ ಇರಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. 2023 ಪೂರ್ತಿ ಅದೇ ಸಂಖ್ಯೆ. ಜನವರಿ 2024ರಲ್ಲಿ 0.04. ಜುಲೈನಲ್ಲಿ 0.07.

ಆಫೀಸಿನಲ್ಲಿ ನಾನು ಸರ್ವರುಗಳನ್ನ ಕಾಯೋನು. ಒಂದು ಸಲ ಗ್ರಾಫ್ ಮೇಲೆದ್ದರೆ ಗಾಬರಿ ಬೀಳಬಾರದು, ಏರ್ತಾನೇ ಇದೆಯಾ ನೋಡಬೇಕು ಅಂತ ಹೊಸಬರಿಗೆ ಪಾಠ ಹೇಳೋನೂ ನಾನೇ. ಅಪ್ಪನ ವಿಷಯಕ್ಕೆ ಬಂದಾಗ ಆ ಪಾಠ ಎಲ್ಲಿ ಹೋಯ್ತೋ! ಅಕ್ಟೋಬರಿನಲ್ಲಿ ಹಟ ಮಾಡಿ ಬೇರೆ ಲ್ಯಾಬಿಗೆ ಕಳಿಸಿದೆ. ರಿಪೋರ್ಟಲ್ಲಿ "0.1ಕ್ಕಿಂತ ಕಡಿಮೆ" ಅಂತ ಬಂತು. ಕಡಿಮೆಯಾಗಿದೆ ಅಂತ ಅಮ್ಮ ಪಾಯಸ ಮಾಡಿದರು. ಕಡಿಮೆಯೂ ಇಲ್ಲ ಏನೂ ಇಲ್ಲ, ಆ ಲ್ಯಾಬಿನ ಮಿಶನ್ನಿಗೆ 0.1ರ ಕೆಳಗೆ ಅಳೆಯೋಕೇ ಬರ್ತಿರಲಿಲ್ಲ ಅಷ್ಟೇ. ಪ್ರತಿಸಲ ಅದೇ ಲ್ಯಾಬು, ಅದೇ ವಿಧಾನ ಇದ್ದರೇ ಹೋಲಿಕೆಗೆ ಅರ್ಥ. ಇದನ್ನ ಪಾಯಸ ತಿಂದಮೇಲೆ ಕಲಿತೆವು.

ಜನವರಿ 2025ರಲ್ಲಿ ಕೇಳಿದಾಗ ಅಪ್ಪ, "ಮೊದ್ಲಿನ ಥರಾನೇ ಇದೆ ಕಣೋ" ಅಂದ್ರು. ನಾನೂ ನಂಬಿದೆ.

ಏಪ್ರಿಲಿನಲ್ಲಿ ಇನ್ಶೂರೆನ್ಸ್ ಕೆಲಸಕ್ಕೆ ಅಂತ ಅಮ್ಮ ಫೈಲಿನ ಫೋಟೋಗಳನ್ನ ವಾಟ್ಸಾಪಲ್ಲಿ ಕಳಿಸಿದರು. ನಡುವೆ ಒಂದು ಹಾಳೆ: ಜನವರಿ, 0.12.

ಫೋನ್ ಮಾಡಿ ಜಗಳಾನೇ ಆಡಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ್ರು, "ಹೇಳಿದ್ರೆ ನೀನು ವೀಸಾ ಗೀಸಾ ನೋಡದೆ ಓಡಿ ಬರ್ತಿದ್ದೆ. ಅದೊಂದು. ಇನ್ನೊಂದು... ಮಾರಾಯ, ಒಣಗಿದ ಪಂಚೆ ಉಟ್ಕೊಂಡು ತೋಟಕ್ಕೆ ಹೋಗೋಕೆ ನಂಗೆ ಒಂದೂವರೆ ವರ್ಷ ಹಿಡೀತು. ಮದುವೆ ಮನೇಲಿ ಪಂಕ್ತೀಲಿ ಕೂರೋಕೆ ಹೆದರಿಕೆ ಆಗ್ತಿತ್ತು. ಮತ್ತೆ ಅದೇ ಶುರುವಾದ್ರೆ?"

ಮೂರು ವರ್ಷ ಪ್ರತಿ ಶನಿವಾರ ಫೋನ್ ಮಾಡಿದ್ದೇನೆ. ಅಪ್ಪ ಪ್ಯಾಡ್ ಹಾಕ್ಕೊಂಡು ಓಡಾಡ್ತಿದ್ದರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಕೇಳಿದ್ದು ನಂಬರ್ ಮಾತ್ರ.

ಅದೇ ವಾರ ಶಿವಮೊಗ್ಗದ ಹಳೇ ಲ್ಯಾಬಿನಲ್ಲೇ ಮತ್ತೆ ಪರೀಕ್ಷೆ: 0.15. ಹದಿನೈದು ತಿಂಗಳಲ್ಲಿ 0.04ರಿಂದ 0.15. ಅಂದ್ರೆ ಸುಮಾರು ಎಂಟು ತಿಂಗಳಿಗೆ ಎರಡು ಪಟ್ಟು.

ಡಾಕ್ಟರ ಹತ್ತಿರ ಅಪ್ಪ ಹೋದರು, ನಾನು ವಿಡಿಯೋ ಕಾಲಲ್ಲಿ. ಅಪ್ಪ ನೇರವಾಗಿ ಕೇಳಿದರು, "ಸುಮ್ನೆ ಬಿಟ್ರೆ ಏನಾಗುತ್ತೆ?" ಒಳ್ಳೇ ಪ್ರಶ್ನೆ ಅಂದ್ರು ಡಾಕ್ಟರು. ಜಾನ್ಸ್ ಹಾಪ್ಕಿನ್ಸಿನಲ್ಲಿ 1999ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳಿದರು. ಆಪರೇಶನ್ ಆದಮೇಲೆ ಪಿಎಸ್‌ಎ ಏರಿದ ಮೇಲೂ ಚಿಕಿತ್ಸೆ ಕೊಡದೆ ನೋಡಿದಾಗ, ಬೇರೆ ಕಡೆ ಹರಡಿದ್ದು ಕಾಣೋಕೆ ಹಿಡಿದ ಸರಾಸರಿ ಅವಧಿ ಎಂಟು ವರ್ಷ. ಅಪ್ಪನ ಮುಖ ಅರಳಿತು. "ಅಂದ್ರೆ ನಂಗೆ 74!" ಆದರೆ ಅದೇ ಲೆಕ್ಕದಲ್ಲಿ, 10 ತಿಂಗಳೊಳಗೆ ಎರಡು ಪಟ್ಟಾಗುತ್ತಿದ್ದವರಲ್ಲಿ ಬೇಗ ಹರಡಿತ್ತು. ಸರಾಸರಿ ಅನ್ನೋದು ನಿಮ್ಮದಲ್ಲ, ನಿಮ್ಮದು ಎಂಟು ತಿಂಗಳು ಅಂದ್ರು.

0.2 ದಾಟಿ, ಮತ್ತೊಮ್ಮೆ ಪರೀಕ್ಷೆ ಮಾಡಿದಾಗಲೂ ಹಾಗೇ ಬಂದರೆ 'ಮರುಕಳಿಸಿದೆ' ಅಂತ ಹೆಸರಿಡೋದು ರೂಢಿ. ಆದರೆ ಆ ಗೆರೆ ದಾಟೋವರೆಗೂ ಸುಮ್ಮನಿರಬೇಕು ಅಂತೇನಿಲ್ಲ. ಆ ರ‍್ಯಾಡಿಕಲ್ಸ್ ಅಧ್ಯಯನದಲ್ಲಿ 0.1 ಮುಟ್ಟಿ ಏರ್ತಾ ಇದ್ದರೇ ರೇಡಿಯೇಶನ್ ಶುರು ಮಾಡ್ತಿದ್ದರು. ಪಿಎಸ್‌ಎ ಚಿಕ್ಕದಿದ್ದಾಗ ಕೊಟ್ಟರೆ ಫಲ ಜಾಸ್ತಿ, 0.5 ದಾಟೋಕೆ ಬಿಡಬಾರದು. ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸೋಣ ಅಂತ ನಾನು ಮೂಗು ತೂರಿಸಿದೆ. ಮಾಡಿಸಬಹುದು, ಆದರೆ ಇಷ್ಟು ಕಮ್ಮಿ ಪಿಎಸ್‌ಎಯಲ್ಲಿ ಎಷ್ಟೋ ಸಲ ಏನೂ ಕಾಣಲ್ಲ, ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತ ಅಲ್ಲ ಅಂದ್ರು.

ಪಂಚೆ ವಿಷಯ ಅಪ್ಪ ಎತ್ತಲಿಲ್ಲ. ಹಾಗಾಗಿ ನಾನೇ ಎತ್ತಿದೆ. ಡಾಕ್ಟರು ಮುಚ್ಚಿಡಲಿಲ್ಲ. ಹಿಡಿತ ಸ್ವಲ್ಪ ಸಡಿಲ ಆಗಬಹುದು, ಮೂತ್ರದಲ್ಲಿ ಉರಿ ಬರಬಹುದು, ಕೆಲವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಉಳಿಯುತ್ತೆ. ಈ ಒಂದು-ಒಂದೂವರೆ ವರ್ಷದಲ್ಲಿ ಬಂದ ಹಿಡಿತವೇ ಈಗ ನಿಮ್ಮ ಬಂಡವಾಳ. ಆಪರೇಶನ್ ಆದಕೂಡಲೇ ಕೊಟ್ಟಿದ್ದರೆ ಅದೂ ಇರ್ತಿರಲಿಲ್ಲವೋ ಏನೋ ಅಂದ್ರು. ಆಗ ನನಗೆ ಅನ್ನಿಸಿತು, ಮೂರು ವರ್ಷ ಕಾದಿದ್ದು ದಂಡ ಆಗಲಿಲ್ಲ.

ನಿರ್ಧಾರ ನಾನು ಮಾಡಲಿಲ್ಲ, ಡಾಕ್ಟರೂ ಮಾಡಲಿಲ್ಲ. ಎರಡು ವಾರ ಬಿಟ್ಟು ಒಂದು ಶನಿವಾರ ಅಪ್ಪನೇ ಹೇಳಿದರು. "ಮೈಲುತುತ್ತ ಹೊಡಿಯೋಕೂ ಒಂದು ಹೊತ್ತಿದೆ ಕಣೋ. ಬೇಸಿಗೇಲಿ ಹೊಡೆದ್ರೆ ದಂಡ, ಕೊಳೆ ಬಂದು ಕಾಯಿ ಉದುರಿದ ಮೇಲೆ ಹೊಡೆದ್ರೂ ದಂಡ. ಮೊದಲ್ನೇ ಔಷಧಿ ಹೊಡೆಸಿ ಬೆಂಗಳೂರಿಗೆ ಹೋಗ್ತೀನಿ."

ಜೂನಿನಲ್ಲಿ ಚಿಕ್ಕಪ್ಪನ ಮನೇಲಿ ಉಳ್ಕೊಂಡು ನಾಲ್ಕು ವಾರ, ವಾರಕ್ಕೆ ಐದು ದಿನ, ಒಟ್ಟು ಇಪ್ಪತ್ತು ಸಲ. ಪ್ರತಿದಿನ ನೀರು ಕುಡಿದು ಮೂತ್ರಕೋಶ ತುಂಬಿಸ್ಕೊಂಡು ಮಲಗಬೇಕು. "ಯಾವುದಕ್ಕೆ ಹೆದರ್ತಿದ್ನೋ ಅದನ್ನೇ ದಿನಾ ಪರೀಕ್ಷೆ ಮಾಡ್ತಾರೆ ನೋಡು" ಅಂತ ನಕ್ಕರು. ಆಮೇಲೆ ಎರಡು ತಿಂಗಳು ಪ್ಯಾಡ್ ವಾಪಸ್ ಬಂತು. ಈಗ ಮನೆಯಿಂದ ದೂರ ಹೋಗುವಾಗ ಮಾತ್ರ.

ನವೆಂಬರ್ 2025ರ ಪಿಎಸ್‌ಎ 0.06. ಇಳೀತಿದೆ. ಗೆದ್ದೆವು ಅಂತ ಹೇಳಲ್ಲ, ಇನ್ನೂ ವರ್ಷಗಟ್ಟಲೆ ನೋಡಬೇಕು. ಈ ಸಲ ಪಾಯಸ ಮಾಡಬೇಡಿ ಅಂತ ಅಮ್ಮನಿಗೆ ಹೇಳಿದೆ. ಮಾಡಿದರು.

ನಿಮ್ಮ ಮನೆಯಲ್ಲೂ ಇಂಥ ಫೈಲು ಇದ್ದರೆ, ದೂರದಲ್ಲಿರೋ ಮಕ್ಕಳಿಗೆ ನನ್ನದೊಂದು ಮಾತು. ಒಂದೇ ಲ್ಯಾಬಿನಲ್ಲಿ ಮಾಡಿಸಿ, ತಾರೀಖಿನ ಜೊತೆ ಬರೆದಿಡಿ, ಎಷ್ಟು ತಿಂಗಳಿಗೆ ಎರಡು ಪಟ್ಟಾಗ್ತಿದೆ ಅಂತ ಡಾಕ್ಟರನ್ನ ಕೇಳಿ, ಯಾವ ಸಂಖ್ಯೆ ಬಂದರೆ ಏನು ಮಾಡೋದು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಇಷ್ಟು ಎಕ್ಸೆಲ್ ಮಾಡುತ್ತೆ. ಉಳಿದದ್ದನ್ನ ನೀವೇ ಕೇಳಬೇಕು.

ನಾನೀಗ ಶನಿವಾರ ಫೋನ್ ಮಾಡಿದರೆ ನಂಬರ್ ಕೇಳೋದು ಕೊನೆಗೆ. ಮೊದಲು ಕೇಳೋದು, "ಅಪ್ಪ, ಇವತ್ತು ತೋಟಕ್ಕೆ ಹೋಗಿದ್ರಾ?"