ಕಟ್ಟಿನೊಳಗೊಂದು ಕಟ್ಟು

ಒಂದು ತಂತ್ರಾಂಶಕ್ಕೆ ಬೇಕಾದ ಇನ್ನೊಂದನ್ನೂ ಅದರ ಕಟ್ಟಿನೊಳಗೇ ಇಟ್ಟು ಕಳುಹಿಸಿದರೆ ಗಣಕದಲ್ಲಿ ಸ್ಥಾಪಿಸುವವರಿಗೆ ಸುಲಭವಲ್ಲವೆ? ಹಾಗೆಂದು ನಮಗೆ ತೋರುವುದು ಸಹಜ. ಆದರೆ ಮೈಕ್ರೊಸಾಫ್ಟ್ ಸಂಸ್ಥೆ 1999ರಲ್ಲಿ ಹೊರತಂದ ‘ವಿಂಡೋಸ್ ಇನ್‌ಸ್ಟಾಲರ್’ ಒಮ್ಮೆಗೆ ಒಂದೇ ಸ್ಥಾಪನೆಯನ್ನು ನಡೆಯಗೊಡುತ್ತದೆ. ಹೊರಗಿನ ಕಟ್ಟಿನ ಕೆಲಸ ಮುಗಿಯುವ ಮೊದಲೇ ಒಳಗಿನದು ತಾನಾಗಿ ಹೊರಟರೆ, 1618 ಎಂಬ ದೋಷಸಂಖ್ಯೆಯನ್ನು ತೋರಿ ನಿಂತುಬಿಡುತ್ತದೆ. ಇದು ಯಂತ್ರದ ಹಟವಲ್ಲ. ಸ್ಥಾಪನೆ ನಡುವೆ ಕೆಟ್ಟರೆ ಎಲ್ಲವನ್ನೂ ಪೂರ್ವಸ್ಥಿತಿಗೆ ತರಬೇಕಷ್ಟೆ. ಎರಡು ಕೈಗಳು ಒಟ್ಟಿಗೆ ತಿದ್ದಿದರೆ ಯಾವ ತಿದ್ದುಪಡಿ ಯಾವುದರದೆಂದು ತಿಳಿಯುವುದೆಂತು?

ಒಳಗಿನದನ್ನು ಹೊರಗಿನದರ ಅಂಗವಾಗಿಯೇ ಸ್ಥಾಪಿಸುವ ಏರ್ಪಾಡೂ ಉಂಟು. ಅದು ಇನ್ನೂ ಅಪಾಯಕರವೆಂದು ನಾವು ಎಣಿಸುತ್ತೇವೆ: ಹಾಗೆ ಸೇರಿದ ತಂತ್ರಾಂಶದಲ್ಲಿ ಮುಂದೆ ಕಳ್ಳರು ನುಗ್ಗಬಲ್ಲ ಬಿರುಕು ಕಂಡುಬಂದರೂ ತೇಪೆ ಹಚ್ಚಲಾಗದು. ಅದನ್ನು ಬಳಸಬಾರದೆಂದು ಮೈಕ್ರೊಸಾಫ್ಟೇ ತಿಳಿಸಿದೆ. ಕಟ್ಟುಗಳನ್ನು ಒಂದಾದಮೇಲೊಂದರಂತೆ ಸ್ಥಾಪಿಸುವ ಬೇರೊಂದು ಕ್ರಮವಿಧಿಯನ್ನು ಹೊರಗಿಡುವುದೇ ಈಗಿನ ರೂಢಿ.