ವಿಶೇಷ ಬಳಕೆಯ ಸ್ಮಾರ್ಟ್‌ಫೋನು: ಕೊಟ್ಟ ಬೆಲೆಗೆ ತಕ್ಕುದೇ?

ಉದ್ಯಾವರ, ಪಿತ್ರೋಡಿ, ಮಲ್ಪೆ ಪರಿಸರದ ಮೀನು ಸಂಸ್ಕರಣಾ ಘಟಕಗಳಲ್ಲಿ, ಐಸ್ ಪ್ಲಾಂಟ್‌ಗಳಲ್ಲಿ ಮೊಬೈಲ್ ಫೋನಿಗೆ ಆಯುಷ್ಯ ಕಡಿಮೆ. ಉಪ್ಪುನೀರು, ತೇವ, ಮೀನೆಣ್ಣೆಯ ಜಿಡ್ಡು, ಕಾಂಕ್ರೀಟ್ ನೆಲ ಎಲ್ಲವೂ ಅದರ ಶತ್ರುಗಳೇ. ಆದುದರಿಂದ ನೀರು, ಧೂಳು, ಬೀಳುವಿಕೆ ತಾಳುವ ದುಬಾರಿ ಫೋನುಗಳತ್ತ ಉದ್ಯಮಿಗಳ ಗಮನ ಹರಿಯುವುದು ಸಹಜ. ಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡುವುದೂ ಅಷ್ಟೇ ಅಗತ್ಯ.

ಉದಾಹರಣೆಗೆ ಕ್ಯಾಟ್ ಎಸ್60 ಎಂಬ ಫೋನನ್ನು ಗಮನಿಸಬಹುದು. ಉಷ್ಣತೆಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಅಳವಡಿಸಿದ ಮೊದಲ ಸ್ಮಾರ್ಟ್‌ಫೋನಾಗಿ 2016ರಲ್ಲಿ ಬಂದ ಇದು 2017ರಲ್ಲಿ ಭಾರತದಲ್ಲಿ 64,999 ರೂಪಾಯಿಗೆ ಬಿಡುಗಡೆಯಾಯಿತು. ಶೈತ್ಯಾಗಾರದ ಬಾಗಿಲಿನ ರಬ್ಬರು ಎಲ್ಲಿ ಸಡಿಲವಾಗಿದೆ, ವಿದ್ಯುತ್ ಫಲಕದ ಯಾವ ಜೋಡಣೆ ಬಿಸಿಯಾಗುತ್ತಿದೆ ಎಂಬುದನ್ನು ಇಂತಹ ಕ್ಯಾಮೆರಾ ಕಂಡುಹಿಡಿಯಬಲ್ಲದು. ಆದರೆ ಆ ಫೋನಿನ ಉಷ್ಣಚಿತ್ರದಲ್ಲಿದ್ದುದು 80×60, ಅಂದರೆ ಕೇವಲ 4,800 ಬಿಂದುಗಳು. ದೂರದಿಂದ ಸಣ್ಣ ಸೋರಿಕೆ ಕಾಣದು. ಹೊಳೆಯುವ ಸ್ಟೀಲ್ ಮೇಲ್ಮೈಯು ಸುತ್ತಲಿನ ಶಾಖವನ್ನು ಪ್ರತಿಫಲಿಸುವುದರಿಂದ ಅಳತೆಯೂ ತಪ್ಪಬಹುದು.

ಈಗ ಲೆಕ್ಕ. 65,000 ರೂಪಾಯಿಯ ಫೋನು ಮೂರು ವರ್ಷ ಬಾಳಿತೆಂದಿಟ್ಟುಕೊಳ್ಳೋಣ. ಅದರ ಬದಲು 15,000 ರೂಪಾಯಿಯ ಫೋನಿಗೆ 1,500 ರೂಪಾಯಿಯ ಗಟ್ಟಿ ಕವಚ ಹಾಕಿ, ಹದಿನೆಂಟು ತಿಂಗಳಿಗೊಮ್ಮೆ ಬದಲಾಯಿಸಿದರೂ ಮೂರು ವರ್ಷಕ್ಕೆ 33,000 ರೂಪಾಯಿ. ವ್ಯತ್ಯಾಸ 32,000, ತಿಂಗಳಿಗೆ ಸುಮಾರು 890 ರೂಪಾಯಿ. ಆ ವಿಶೇಷ ಸೌಲಭ್ಯ ಪ್ರತಿ ತಿಂಗಳೂ ಇಷ್ಟನ್ನು ಉಳಿಸಿಕೊಡುವುದೇ? ಶೈತ್ಯಾಗಾರದ ಮಾಲೀಕರಿಗೆ ಹೌದೆನಿಸಬಹುದು, ದೊಡ್ಡ ಸೋರಿಕೆಯೊಂದರ ವಿದ್ಯುತ್ ಬಿಲ್ಲೇ ಅದಕ್ಕಿಂತ ಹೆಚ್ಚಾದೀತು. ಬರಿಯ ಕರೆ, ವಾಟ್ಸಾಪ್ ಮತ್ತು ಯುಪಿಐ ಬಳಸುವ ವರ್ತಕರಿಗೆ ಖಂಡಿತ ಇಲ್ಲ. ಬೇಕಿದ್ದರೆ ಥರ್ಮಲ್ ಕ್ಯಾಮೆರಾವನ್ನು ಸಾಮಾನ್ಯ ಫೋನಿಗೆ ಸಿಕ್ಕಿಸುವ ಬಿಡಿ ಸಾಧನವಾಗಿಯೂ ಕೊಳ್ಳಬಹುದು. ಫೋನು ಕೆಟ್ಟರೂ ಅದು ಉಳಿಯುತ್ತದೆ.

ಈ ಲೆಕ್ಕದಲ್ಲಿ ಮೂರು ವರ್ಷದ ಬಾಳಿಕೆ ಎಂಬುದೇ ದುರ್ಬಲ ಕೊಂಡಿ. ಕ್ಯಾಟ್ ಹೆಸರಿನ ಫೋನುಗಳನ್ನು ತಯಾರಿಸುತ್ತಿದ್ದ ಬ್ರಿಟನ್ನಿನ ಬುಲಿಟ್ ಗ್ರೂಪ್ 2024ರ ಆರಂಭದಲ್ಲಿ ಕುಸಿದುಬಿದ್ದಿತು. ತಯಾರಕರೇ ಇಲ್ಲವಾದರೆ ಬಿಡಿಭಾಗ, ತಂತ್ರಾಂಶದ ಭದ್ರತಾ ಪರಿಷ್ಕರಣೆ ಎಲ್ಲಿಂದ ಬರಬೇಕು? ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಗುವ ಸಾಮಾನ್ಯ ಫೋನಿನ ಪರದೆ ಉಡುಪಿಯ ಅಂಗಡಿಯಲ್ಲೇ ಸಿಗುತ್ತದೆ. ವಿರಳ ಮಾದರಿಗೆ ಆ ಅನುಕೂಲವಿಲ್ಲ. ಬ್ಯಾಟರಿ ಎಲ್ಲಿ, ಎಷ್ಟು ದಿನದಲ್ಲಿ ದೊರೆಯುವುದೆಂದು ಖರೀದಿಗೆ ಮೊದಲೇ ಮಾರಾಟಗಾರರಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಲೇಸು.

ಐಪಿ68 ಎಂಬ ಗುರುತಿನ ಬಗೆಗೂ ಒಂದು ಮಾತು. ಆರು ಎಂಬುದು ಧೂಳಿನಿಂದ ಪೂರ್ಣ ರಕ್ಷಣೆ. ಎಂಟು ಎಂಬುದು ತಯಾರಕರು ಸೂಚಿಸಿದ ಆಳ ಮತ್ತು ಅವಧಿಗೆ ನೀರಿನಲ್ಲಿ ಮುಳುಗಿದರೂ ತಾಳುವುದು. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಅರಬ್ಬೀ ಸಮುದ್ರದ ನೀರಿನಲ್ಲಲ್ಲ. ನೀರಿನಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದೂ ಇಲ್ಲ. ಉಪ್ಪುನೀರು ತಗುಲಿದ ಫೋನನ್ನು ಕೂಡಲೇ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಬಳಿಕವಷ್ಟೇ ಚಾರ್ಜಿಗೆ ಇಡತಕ್ಕದ್ದು.

ಕೊನೆಯದಾಗಿ ತೆರಿಗೆ. ಮೊಬೈಲ್ ಫೋನಿನ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇಕಡಾ 18. ತೆರಿಗೆ ಸೇರಿ 65,000 ರೂಪಾಯಿಯ ಬಿಲ್ಲಿನಲ್ಲಿ ಸುಮಾರು 9,900 ರೂಪಾಯಿ ತೆರಿಗೆಯೇ ಇರುತ್ತದೆ. ವ್ಯವಹಾರದ ಬಳಕೆಗೆ ಕೊಂಡು, ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಆಗ ಆ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವರ್ತಕರಿಗೆ ಈ ಜಮೆ ಇಲ್ಲದ ಕಾರಣ, ಅವರು ಪೂರ್ಣ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.